ಮುಂದಿನವರ ಬೆನ್ನು ನೋಡಿ ದಾಟಬೇಡಿ: ಬೆಳಗಾವಿಯ ಗೇಟು, ಹಳಿ, ರಸ್ತೆಗಳಲ್ಲಿ ನಡೆಯುವವರಿಗೆ

ಮಳೆಗಾಲದ ಒಂದು ಸಂಜೆ. ಟಿಳಕವಾಡಿಯ ಎರಡನೇ ಗೇಟು ಬಿದ್ದಿತ್ತು. ಒಂದು ಗೂಡ್ಸ್ ಗಾಡಿ ಸ್ಟೇಷನ್ ಕಡೆಗೆ ಹೋಯಿತು. ಕೊನೆಯ ಡಬ್ಬಿ ದಾಟಿತು, ಆದರೂ ಗೇಟು ಏಳಲಿಲ್ಲ. ನನ್ನ ಮುಂದೆ ನಿಂತಿದ್ದ ಒಬ್ಬರು ಬಗ್ಗಿ ಕಂಬದ ಕೆಳಗೆ ನುಸುಳಿದರು. ಅವರ ಹಿಂದೆಯೇ ನಾನೂ ಬಗ್ಗಿದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕಾಯಿಪಲ್ಲೆ ಚೀಲ. ಎರಡು ಹೆಜ್ಜೆ ಇಟ್ಟಿರಬೇಕು, ಹಿಂದಿನಿಂದ ಯಾರೋ ಚೀಲ ಹಿಡಿದು ಜಗ್ಗಿದರು. "ಏ ತಮ್ಮಾ, ನಿಂದ್ರೋ! ಆ ಕಡಿಂದ ಇನ್ನೊಂದ್ ಗಾಡಿ ಬರಾಕತ್ತೈತಿ!"

ತಲೆ ಮೇಲೆ ಸೆರಗು ಹೊದ್ದ ಒಬ್ಬ ಅಜ್ಜಿ. ನಾನು ತಿರುಗಿ ನೋಡುವಷ್ಟರಲ್ಲಿ ಸ್ಟೇಷನ್ ಕಡೆಯಿಂದ ಬಂದ ಎಕ್ಸ್‌ಪ್ರೆಸ್ ಕಣ್ಣೆದುರೇ ಹಾದುಹೋಯಿತು. ಅಷ್ಟು ಹೊತ್ತು ಅದು ಗೂಡ್ಸ್ ಗಾಡಿಯ ಮರೆಯಲ್ಲಿತ್ತು. ಮುಂದೆ ನುಸುಳಿದವರು ಹೇಗೋ ಆಚೆ ಮುಟ್ಟಿದ್ದರು. ಅವತ್ತು ಮನೆಗೆ ಬಂದು ಕೂತಾಗ ಒಂದೇ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಆ ಹೊತ್ತಿನಲ್ಲಿ ನಾನು ಏನನ್ನು ನೋಡುತ್ತಿದ್ದೆ? ಹಳಿಯನ್ನಲ್ಲ. ಸ್ಟೇಷನ್ ಕಡೆಗಂತೂ ಅಲ್ಲವೇ ಅಲ್ಲ. ಮುಂದಿದ್ದವರ ಒದ್ದೆ ಅಂಗಿಯ ಬೆನ್ನು ನೋಡುತ್ತಿದ್ದೆ. ಅವರು ಹೋದರು, ಅಂದ ಮೇಲೆ ಹೋಗಬಹುದು ಅಂತ ನನ್ನ ಕಾಲು ತೀರ್ಮಾನ ಮಾಡಿಬಿಟ್ಟಿತ್ತು.

ರೈಲು ಗೇಟಿನಲ್ಲಿರಲಿ, ಚೆನ್ನಮ್ಮ ಸರ್ಕಲ್‌ನಲ್ಲಿರಲಿ, ನಡೆಯುವ ನಾವು ಮಾಡುವ ದೊಡ್ಡ ತಪ್ಪು ಇದೇ ಅಂತ ನನಗೆ ಈಗ ಖಾತ್ರಿಯಾಗಿದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಐದರಲ್ಲಿ ಹೆಚ್ಚುಕಡಿಮೆ ಒಬ್ಬರು. ಇದರಲ್ಲಿ ಗಾಡಿ ಓಡಿಸುವವರ ತಪ್ಪು ಸಾಕಷ್ಟಿದೆ, ಕೆಟ್ಟ ರಸ್ತೆಗಳ ಪಾಲೂ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೆಜ್ಜೆ ಎತ್ತಿ ಇಡುವ ಆ ಒಂದು ಕ್ಷಣ ನಮ್ಮ ಕೈಯಲ್ಲೇ ಇದೆ. ಆ ಕ್ಷಣದಲ್ಲಿ ಏನು ಮಾಡಬೇಕು ಅನ್ನುವುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಗೇಟು ಬಿದ್ದಾಗ

ಮೊದಲು ನಿಲ್ಲಿ. ಕಂಬಕ್ಕೆ ಹೊಟ್ಟೆ ತಾಗಿಸಿಕೊಂಡು ಅಲ್ಲ, ನಾಲ್ಕು ಹೆಜ್ಜೆ ಹಿಂದೆ. ಮುಂದೆ ಹೋಗಿ ನಿಂತವರಿಗೇ ನುಸುಳುವ ಆಸೆ ಜಾಸ್ತಿ ಆಗುವುದು. ಹಿಂದಿನಿಂದ ಬೈಕುಗಳು ಒತ್ತುವುದೂ ಅಲ್ಲೇ.

ಆಮೇಲೆ, ಒಂದು ರೈಲು ಹೋಯಿತು ಅಂದ ತಕ್ಷಣ ಹೊರಡಬೇಡಿ. ನಮ್ಮ ಊರಿನ ಲೈನ್ ಈಗ ಹಳೆಯ ಒಂಟಿ ಲೈನ್ ಅಲ್ಲ. ಹಳಿ ಎರಡಾಗಿವೆ, ವಿದ್ಯುತ್ ಎಂಜಿನ್ ಓಡುತ್ತಿವೆ. ಹಳೆಯ ರೂಢಿ ಮಾತ್ರ ನಮ್ಮ ಮೈಯಿಂದ ಹೋಗಿಲ್ಲ. ಒಂಟಿ ಲೈನ್ ಇದ್ದಾಗ ಒಂದು ಗಾಡಿ ಹೋದರೆ ಸದ್ಯಕ್ಕೆ ಮುಗಿಯಿತು ಅಂತ ಎಲ್ಲರಿಗೂ ಗೊತ್ತಿತ್ತು. ಈಗ ಹಾಗಲ್ಲ. ಒಂದು ಗಾಡಿ ಹೋಗುವಾಗಲೇ ಪಕ್ಕದ ಹಳಿಯಲ್ಲಿ ಇನ್ನೊಂದು ಬರುತ್ತಿರಬಹುದು, ಮೊದಲ ಗಾಡಿ ಅದನ್ನು ಪೂರ್ತಿ ಮರೆಮಾಡಿರುತ್ತದೆ, ಅದರ ಸದ್ದನ್ನು ಇದರ ಸದ್ದು ನುಂಗಿರುತ್ತದೆ.

ಗೇಟು ಏಕೆ ಏಳಲಿಲ್ಲ ಅನ್ನುವುದು ತಿಳಿದರೆ ಕಾಯುವುದು ಸುಲಭವಾಗುತ್ತದೆ. ಗೇಟ್‌ಮನ್ ಸುಮ್ನೆ ನಿಲ್ಲಿಸಿರುವುದಿಲ್ಲ. ಇಂಟರ್‌ಲಾಕ್ ಇರುವ ಗೇಟುಗಳಲ್ಲಿ ಗೇಟು ಪೂರ್ತಿ ಮುಚ್ಚಿ ಬೀಗ ಬಿದ್ದ ಮೇಲಷ್ಟೇ ರೈಲಿಗೆ ಹಸಿರು ಸಿಗ್ನಲ್ ಸಿಗುತ್ತದೆ. ಸಿಗ್ನಲ್ ಕೊಟ್ಟಾದ ಮೇಲೆ ಗೇಟ್‌ಮನ್ ಮನಸ್ಸು ಮಾಡಿದರೂ ಗೇಟು ತೆಗೆಯಲು ಬರುವುದಿಲ್ಲ. ಅಂದರೆ ಒಂದು ಗಾಡಿ ಹೋದ ಮೇಲೂ ಗೇಟು ಮುಚ್ಚೇ ಇದೆ ಅಂದರೆ, ಇನ್ನೊಂದು ಗಾಡಿಗೆ ದಾರಿ ಕೊಟ್ಟಾಗಿದೆ ಅಂತಲೇ ತಿಳಿದುಕೊಳ್ಳಿ. ಮುಚ್ಚುತ್ತಿರುವ ಗೇಟಿನೊಳಗೆ ಬೈಕ್ ನುಗ್ಗಿಸಿದರೆ ಇದರ ಉಲ್ಟಾ ಆಗುತ್ತದೆ. ಗೇಟು ಪೂರ್ತಿ ಬೀಳುವುದಿಲ್ಲ, ಸಿಗ್ನಲ್ ಸಿಗುವುದಿಲ್ಲ, ರೈಲು ಹೊರಗೇ ನಿಲ್ಲುತ್ತದೆ, ನಾವು ಇನ್ನೂ ಹತ್ತು ನಿಮಿಷ ಬಿಸಿಲಲ್ಲಿ ನಿಂತು ಗೇಟ್‌ಮನ್‌ಗೆ ಬೈಯುತ್ತೇವೆ.

ಮೂರನೆಯದಾಗಿ ಒಂದು ಲೆಕ್ಕ ಹೇಳುತ್ತೇನೆ, ತಲೆಯಲ್ಲಿಟ್ಟುಕೊಳ್ಳಿ. ಈ ಕಡೆಯ ಕಂಬದಿಂದ ಆ ಕಡೆಯ ಕಂಬಕ್ಕೆ ಚೀಲ ಹಿಡಿದು, ಬಗ್ಗಿ, ಎದ್ದು, ನಡೆದು ಮುಟ್ಟಲು 15 ಸೆಕೆಂಡು ಬೇಕು ಅಂದುಕೊಳ್ಳಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವ ರೈಲು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಬರುತ್ತದೆ. 15 ಸೆಕೆಂಡಿನಲ್ಲಿ 400 ಮೀಟರ್‌ಗಿಂತ ಜಾಸ್ತಿ. ನೀವು ಬಗ್ಗುವಾಗ ಅದು ಕಣ್ಣಿಗೇ ಬಿದ್ದಿರಲಿಕ್ಕಿಲ್ಲ. ಬಿದ್ದರೂ ಅದರ ವೇಗ ಅಂದಾಜಿಗೆ ಸಿಗುವುದಿಲ್ಲ. ದೊಡ್ಡ ವಸ್ತು ದೂರದಿಂದ ನೇರ ನಮ್ಮತ್ತ ಬರುವಾಗ ನಿಧಾನವಾಗಿ ಬಂದ ಹಾಗೆಯೇ ಕಾಣುತ್ತದೆ. ಇದು ಎಲ್ಲರ ಕಣ್ಣಿಗೂ ಆಗುವ ಮೋಸ, ಚುರುಕು ಕಣ್ಣಿನವರಿಗೂ ಬಿಟ್ಟಿಲ್ಲ.

ಹಾರ್ನ್ ಕೇಳುತ್ತದೆ ಅಂತ ನಂಬಬೇಡಿ. ಗೇಟಿಗೆ ಮುಂಚೆ ಹಳಿ ಪಕ್ಕದಲ್ಲಿ ಸೀಟಿ ಹೊಡೆಯಬೇಕೆಂಬ ಫಲಕ ಇರುತ್ತದೆ, ಲೋಕೊ ಪೈಲಟ್ ಹೊಡೆಯುತ್ತಾರೆ, ನಿಜ. ಆದರೆ ಮಳೆ, ಪಕ್ಕದ ಕಾಂಗ್ರೆಸ್ ರಸ್ತೆಯ ಗದ್ದಲ, ಕಿವಿಗೆ ಹಾಕಿದ ಇಯರ್‌ಫೋನ್, ಇವುಗಳ ನಡುವೆ ಅದು ಎಷ್ಟು ಕೇಳಿಸೀತು? ಗೇಟು ಕಂಡ ತಕ್ಷಣ ಇಯರ್‌ಫೋನ್ ತೆಗೆಯಿರಿ. ಎರಡೂ ಕಿವಿಯಿಂದ. ಕೊಡೆಯನ್ನು ತಲೆಗೆ ಒತ್ತಿ ಹಿಡಿಯಬೇಡಿ, ಸ್ವಲ್ಪ ಎತ್ತಿ ಹಿಡಿಯಿರಿ. ರೇನ್‌ಕೋಟಿನ ಟೊಪ್ಪಿಗೆ, ಅಥವಾ ಊರಿನಿಂದ ಬಂದವರ ತಲೆಯ ಕೊಪ್ಪೆ, ಎರಡೂ ಪಕ್ಕದ ನೋಟ ಕಟ್ ಮಾಡುತ್ತವೆ. ಹಳಿ ಹತ್ತಿರ ಬಂದಾಗ ಅದನ್ನು ಹಿಂದಕ್ಕೆ ಸರಿಸಿ. ತಲೆ ಒಂದು ನಿಮಿಷ ನೆನೆದರೆ ಏನೂ ಆಗುವುದಿಲ್ಲ.

ಗೇಟು ಎದ್ದ ಮೇಲೂ ನೋಡಿಯೇ ದಾಟಿ. ಕಂಬ ಪೂರ್ತಿ ಮೇಲೆ ಹೋಗಲಿ. ಮೊದಲು ಬೈಕುಗಳ ನೂಕು ಹೋಗಲಿ, ಅದು ಎರಡೂ ಕಡೆಯಿಂದ ಒಮ್ಮೆಲೇ ನುಗ್ಗುತ್ತದೆ, ನಡೆಯುವವರಿಗೆ ಆಗ ಜಾಗವೇ ಇರುವುದಿಲ್ಲ. ಅಂಚಿನಲ್ಲಿ, ಹಳಿಗೆ ನೇರವಾಗಿ ದಾಟಿ, ಓರೆಯಾಗಿ ಬೇಡ. ಹಳಿಯ ಒಳ ಅಂಚಿನಲ್ಲಿ ಚಕ್ರ ಹೋಗಲು ಬಿಟ್ಟ ಸಂದು ಇರುತ್ತದೆ, ಓರೆಯಾಗಿ ಹೋದರೆ ಸೈಕಲ್ ಚಕ್ರ, ಮಕ್ಕಳ ಗಾಡಿ, ಚಪ್ಪಲಿಯ ತುದಿ ಅದರಲ್ಲೇ ಸಿಕ್ಕಿಕೊಳ್ಳುವುದು. ಚಪ್ಪಲಿ ಸಿಕ್ಕಿದರೆ ಬಿಟ್ಟು ಹೋಗಿ. ಹಳಿಯ ಮೇಲೆ ಪರಿಚಯದವರು ಸಿಕ್ಕರೂ ಮಾತಿಗೆ ನಿಲ್ಲಬೇಡಿ, ಆಚೆ ಹೋಗಿ ಮಾತಾಡಿ.

ಮೂರನೇ ಗೇಟು, ಗೋಗಟೆ ಸರ್ಕಲ್, ಕಪಿಲೇಶ್ವರ, ಇಲ್ಲೆಲ್ಲ ಮೇಲ್ಸೇತುವೆ ಬಂದಿದೆ. ಗಾಡಿಯವರಿಗೆ ಅದರಿಂದ ಅನುಕೂಲ ಆಯಿತು, ನಡೆಯುವವರಿಗೆ ಮೇಲ್ಸೇತುವೆ ಅಂದರೆ ದೊಡ್ಡ ಸುತ್ತು. ಮೊಣಕಾಲು ನೋವಿರುವವರ ಕಷ್ಟ ನನಗೆ ಗೊತ್ತು, ನಮ್ಮ ತಾಯಿಯದೂ ಅದೇ ಕಷ್ಟ. ಆದರೂ ಕೆಳಗೆ ಹಳಿ ದಾಟುವುದಕ್ಕೆ ಅದು ಕಾರಣ ಆಗಬಾರದು. ಆಟೋಕ್ಕೆ 30–40 ರೂಪಾಯಿ ಹೋದರೆ ಹೋಗಲಿ ಅಂತ ನಾನು ತಾಯಿಗೆ ಹೇಳಿಬಿಟ್ಟಿದ್ದೇನೆ.

ಕಾನೂನು ಏನು ಹೇಳುತ್ತದೆ ಅಂತ ಕೇಳುವವರಿಗೆ: 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ರೈಲ್ವೆ ಜಾಗದೊಳಗೆ ಹೋದರೆ 6 ತಿಂಗಳವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮುಚ್ಚಿದ ಗೇಟನ್ನು ತೆರೆದರೆ 160ನೇ ಕಲಂ ಪ್ರಕಾರ 3 ವರ್ಷದವರೆಗೆ, ಮುರಿದರೆ 5 ವರ್ಷದವರೆಗೆ ಜೈಲು.

ಗೇಟಿನ ನಡುವೆ ಯಾರದ್ದಾದರೂ ಗಾಡಿ ಕೆಟ್ಟು ನಿಂತರೆ? ಮೊದಲು ಜನರನ್ನು ಇಳಿಸಿ ಹಳಿಯಿಂದ ದೂರ ಕರೆದೊಯ್ಯಿರಿ. ಗಾಡಿ ಆಮೇಲೆ. ಇನ್ನೊಬ್ಬರು ಓಡಿ ಗೇಟ್‌ಮನ್‌ಗೆ ಹೇಳಿ, ಅವರ ಹತ್ತಿರ ಸ್ಟೇಷನ್‌ಗೆ ಫೋನ್ ಇದೆ, ಕೆಂಪು ಬಾವುಟ, ಕೆಂಪು ದೀಪ ಇದೆ. ಹತ್ತು ಜನ ಸೇರಿ ನೂಕಿ ನೋಡೋಣ ಅನ್ನುವುದು ಇದೆಲ್ಲ ಆದ ಮೇಲಿನ ಮಾತು.

ಹಳಿಗುಂಟ ನಡೆಯುವವರಿಗೆ

ಬೆಳಿಗ್ಗೆ ವಾಕಿಂಗ್‌ಗೆ ಹಳಿಗುಂಟ ಹೋಗುವವರನ್ನು ನೋಡಿದ್ದೇನೆ, ಶಾಲೆಗೆ ಸಮೀಪ ಅಂತ ಹೋಗುವ ಹುಡುಗರನ್ನೂ ನೋಡಿದ್ದೇನೆ. "ನಾನು ಹಳಿ ಮೇಲೆ ಹೋಗುವುದಿಲ್ಲ, ಪಕ್ಕದಲ್ಲಿ ಹೋಗುತ್ತೇನೆ" ಅನ್ನುತ್ತಾರೆ. ರೈಲಿನ ಡಬ್ಬಿ ಹಳಿಯಷ್ಟೇ ಅಗಲ ಇರುತ್ತದೆ ಅಂತ ನಮ್ಮ ಮನಸ್ಸಿನಲ್ಲಿದೆ. ಎರಡು ಹಳಿಗಳ ನಡುವಿನ ಅಂತರ 1.676 ಮೀಟರ್. ಡಬ್ಬಿಯ ಅಗಲ ಸುಮಾರು 3.24 ಮೀಟರ್. ಅಂದರೆ ಡಬ್ಬಿ ಪ್ರತಿ ಬದಿಗೂ ಹಳಿಯಿಂದ ಸುಮಾರು ಎರಡೂವರೆ ಅಡಿ ಹೊರಗೆ ಚಾಚಿರುತ್ತದೆ. ಅದರ ಮೇಲೆ ಬಾಗಿಲಲ್ಲಿ ನಿಂತವರ ಕೈ, ಮೆಟ್ಟಿಲು, ಗೂಡ್ಸ್ ಗಾಡಿಯಿಂದ ಜೋತುಬಿದ್ದ ತಾಡಪತ್ರಿ ಹಗ್ಗ. ಪಕ್ಕದಲ್ಲಿ ನಡೆಯುವವರು ನಿಜಕ್ಕೂ ರೈಲಿನ ಜಾಗದಲ್ಲೇ ನಡೆಯುತ್ತಿರುತ್ತಾರೆ.

ಡ್ರೈವರ್ ನೋಡಿ ನಿಲ್ಲಿಸುತ್ತಾರೆ ಅನ್ನುವ ಮಾತೂ ಬೇಡ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ತುರ್ತು ಬ್ರೇಕ್ ಹಾಕಿದರೂ ರೈಲು ನಿಲ್ಲಲು ಒಂದು ಕಿಲೋಮೀಟರ್ ಹತ್ತಿರ ಬೇಕಾಗಬಹುದು. ಲೋಕೊ ಪೈಲಟ್ ಆ ಕಡೆ ಈ ಕಡೆ ತಿರುಗಿಸಲು ಅಲ್ಲಿ ಸ್ಟಿಯರಿಂಗ್ ಇಲ್ಲ. ಬ್ರೇಕ್ ಹಾಕಿ ಹಾರ್ನ್ ಹಿಡಿದು ಕೂರುವುದಷ್ಟೇ ಅವರ ಕೈಯಲ್ಲಿರುವುದು. ಅಂಥದ್ದನ್ನು ಕಣ್ಣಾರೆ ನೋಡಿದ ಮೇಲೂ ಅವರು ಮರುದಿನ ಮತ್ತೆ ಅದೇ ಲೈನಿನಲ್ಲಿ ಗಾಡಿ ಓಡಿಸಬೇಕು. ಅವರೂ ಯಾರದೋ ಮನೆಯ ಮಗ, ಮಗಳು. ಇದನ್ನು ನಾವು ಯೋಚಿಸುವುದೇ ಇಲ್ಲ ಅಲ್ವಾ?

ವಿದ್ಯುತ್ ಎಂಜಿನ್ ಡೀಸೆಲ್ ಎಂಜಿನ್‌ನಷ್ಟು ಗುಡುಗುವುದಿಲ್ಲ. ಮೊದಲು ದೂರದಿಂದಲೇ ನೆಲ ನಡುಗಿ ಎಚ್ಚರಿಕೆ ಕೊಡುತ್ತಿತ್ತು, ಈಗ ಆ ಎಚ್ಚರಿಕೆಯ ಮೇಲೆ ಭರವಸೆ ಇಡಲು ಬರುವುದಿಲ್ಲ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇದೆ. ನಮ್ಮ ಮನೆಯಲ್ಲಿರುವುದು 230. ಈ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ತೀರ ಹತ್ತಿರ ಹೋದರೂ ವಿದ್ಯುತ್ ಗಾಳಿಯಲ್ಲಿ ಜಿಗಿದು ಹೊಡೆಯುತ್ತದೆ. ನಿಂತ ಗೂಡ್ಸ್ ಡಬ್ಬಿಯ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವ ಹುಡುಗರು ಸಾಯುವುದು ಹೀಗೆಯೇ. ಮೇಲ್ಸೇತುವೆ ಮೇಲಿಂದ ಹಾರ, ನೀರು, ಪತಂಗದ ದಾರ, ಏನನ್ನೂ ಕೆಳಗೆ ಬಿಡಬೇಡಿ.

ನಿಂತ ಗೂಡ್ಸ್ ಗಾಡಿಯ ಕೆಳಗೆ ನುಸುಳುವುದು, ಎರಡು ಡಬ್ಬಿಗಳ ನಡುವೆ ಹತ್ತಿ ಇಳಿಯುವುದು ಬೇಡವೇ ಬೇಡ. ಅದು ಯಾವಾಗ ಹೊರಡುತ್ತದೆ ಅಂತ ನಮಗೆ ಯಾರೂ ಹೇಳುವುದಿಲ್ಲ, ಹೊರಡುವಾಗ ಮೊದಲ ಜಗ್ಗು ಒಮ್ಮೆಲೇ ಬರುತ್ತದೆ.

ಸ್ಟೇಷನ್ನಿನಲ್ಲಿ

ಇಲ್ಲಿ ಹೇಳುವುದು ಕಡಿಮೆ. ಹಳದಿ ಗೆರೆಯ ಹಿಂದೆ ನಿಲ್ಲಿ, ಪ್ಲಾಟ್‌ಫಾರ್ಮ್ ಬದಲಿಸಲು ಪಾದಚಾರಿ ಸೇತುವೆಯನ್ನೇ ಹತ್ತಿ. ಗಾಡಿ ಹೊರಟಿದ್ದರೆ ಬಿಟ್ಟುಬಿಡಿ. ಬಿದ್ದವರು ಹೋಗುವುದು ಪ್ಲಾಟ್‌ಫಾರ್ಮ್ ಮತ್ತು ಡಬ್ಬಿಯ ನಡುವಿನ ಸಂದಿಗೆ, ಅಲ್ಲಿಂದ ಎತ್ತುವುದು ಬಹಳ ಕಷ್ಟ. ಕೆಲವೊಮ್ಮೆ ಬೀಳುವವರು ಪ್ರಯಾಣಿಕರೂ ಅಲ್ಲ, ಹತ್ತಿಸಲು ಬಂದವರು ಬ್ಯಾಗ್ ಇಡಲು ಒಳಗೆ ಹೋಗಿ, ಗಾಡಿ ಹೊರಟಾಗ ಗಾಬರಿಯಲ್ಲಿ ಜಿಗಿದು ಬೀಳುತ್ತಾರೆ. ಗಾಡಿ ಹೊರಟರೆ ಜಿಗಿಯಬೇಡಿ, ಟಿಟಿಇಗೆ ವಿಷಯ ಹೇಳಿ ಮುಂದಿನ ಸ್ಟೇಷನ್ನಿನಲ್ಲಿ ಇಳಿಯಿರಿ. ಪುಣೆ–ಹುಬ್ಬಳ್ಳಿ ವಂದೇ ಭಾರತ್, ಬೆಂಗಳೂರಿನ ವಂದೇ ಭಾರತ್ ಈಗ ನಮ್ಮ ಸ್ಟೇಷನ್‌ಗೂ ಬರುತ್ತವೆ. ಅವುಗಳ ಬಾಗಿಲು ತಾನೇ ಮುಚ್ಚುತ್ತದೆ, ಗಾಡಿ ಬೇಗ ವೇಗ ಹಿಡಿಯುತ್ತದೆ. ಕಳಿಸಲು ಬಂದವರು ಪ್ಲಾಟ್‌ಫಾರ್ಮ್ ಮೇಲೆಯೇ ನಿಂತು ಕೈ ಬೀಸಿ.

ಮೊಬೈಲ್ ಹಳಿಗೆ ಬಿತ್ತಾ? ಇಳಿಯಬೇಡಿ, ಸ್ಟೇಷನ್ ಸಿಬ್ಬಂದಿ ಅಥವಾ ರೈಲ್ವೆ ರಕ್ಷಣಾ ಪಡೆಯವರಿಗೆ (ಆರ್‌ಪಿಎಫ್) ಹೇಳಿ. ಓಡುವ ಗಾಡಿಯಿಂದ ಮೊಬೈಲ್ ಬಿದ್ದರೆ ಚೈನ್ ಎಳೆಯಬೇಡಿ, ಸರಿಯಾದ ಕಾರಣ ಇಲ್ಲದೆ ಎಳೆದರೆ ಅದೂ ಅಪರಾಧ. ಹಳಿ ಪಕ್ಕದ ವಿದ್ಯುತ್ ಕಂಬದ ಮೇಲೆ ನಂಬರ್ ಬರೆದಿರುತ್ತದೆ, ಅದನ್ನು ನೋಡಿಟ್ಟುಕೊಂಡು 139ಕ್ಕೆ ಫೋನ್ ಮಾಡಿ.

ಓದಲು, ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋಗುವ ನಮ್ಮ ಹುಡುಗರಿಗೆ ಒಂದು ಮಾತು. ಅಲ್ಲಿಯ ಮೆಟ್ರೊದಲ್ಲಿ ಮೇಲೆ ತಂತಿ ಕಾಣುವುದಿಲ್ಲ, ಹಾಗಂತ ಹಳಿಯಲ್ಲಿ ಅಪಾಯ ಇಲ್ಲ ಅಂತಲ್ಲ. ವಿದ್ಯುತ್ ಕೆಳಗೇ ಇದೆ, ಹಳಿಯ ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್. ಏನು ಬಿದ್ದರೂ ಇಳಿಯದೆ ಸಿಬ್ಬಂದಿಯನ್ನು ಕರೆಯಿರಿ.

ರಸ್ತೆ ದಾಟುವಾಗ

ನಮ್ಮಲ್ಲಿ ಗಾಡಿಗಳು ರಸ್ತೆಯ ಎಡಕ್ಕೆ ಓಡುತ್ತವೆ. ಹಾಗಾಗಿ ರಸ್ತೆಗೆ ಇಳಿದ ತಕ್ಷಣ ಮೊದಲು ಮೈಮೇಲೆ ಬರುವುದು ಬಲಗಡೆಯಿಂದ. ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ. ಇದು ಶಾಲೆಯಲ್ಲಿ ಕಲಿತದ್ದೇ. ಆದರೆ ನಮ್ಮ ಊರಿಗೆ ಇನ್ನೊಂದು ಸೇರಿಸಬೇಕು. ಡಿವೈಡರ್ ಇರುವ ರಸ್ತೆಯಲ್ಲೂ, ಒನ್‌ವೇ ಗಲ್ಲಿಯಲ್ಲೂ ರಾಂಗ್ ಸೈಡ್‌ನಿಂದ ಬೈಕ್ ಬಂದೇ ಬರುತ್ತದೆ. ಅದರಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಇದ್ದರೆ ಸದ್ದೂ ಇರುವುದಿಲ್ಲ. ಡಿವೈಡರ್ ಮುಟ್ಟಿದ ಮೇಲೆ ಅಲ್ಲಿ ನಿಂತು ಮತ್ತೆ ಎರಡೂ ಕಡೆ ನೋಡಿ.

ಎಷ್ಟು ದೂರದಲ್ಲಿರುವ ಗಾಡಿಗೆ ಕಾಯಬೇಕು? ಇದಕ್ಕೂ ಲೆಕ್ಕ ಇದೆ. ವಯಸ್ಸಾದವರು ಸೆಕೆಂಡಿಗೆ ಒಂದು ಮೀಟರ್ ನಡೆಯುತ್ತಾರೆ ಅಂದುಕೊಳ್ಳಿ. 7 ಮೀಟರ್ ಅಗಲದ ರಸ್ತೆಗೆ 7 ಸೆಕೆಂಡು ಬೇಕು. 50 ಕಿಲೋಮೀಟರ್ ವೇಗದ ಬೈಕ್ ಅಷ್ಟರಲ್ಲಿ ಸುಮಾರು 100 ಮೀಟರ್ ಬರುತ್ತದೆ. ಅಂದರೆ ಮೂರ್ನಾಲ್ಕು ಲೈಟ್ ಕಂಬಗಳ ಆಚೆ ಇದ್ದ ಬೈಕ್ ಕೂಡ ಅಜ್ಜ ಆಚೆ ಮುಟ್ಟುವ ಮೊದಲು ಇಲ್ಲಿರುತ್ತದೆ. ನಮ್ಮ ಕಾಲಿನ ಲೆಕ್ಕದಲ್ಲಿ ಅವರನ್ನು ದಾಟಿಸಬಾರದು, ಅವರ ಕಾಲಿನ ಲೆಕ್ಕದಲ್ಲಿ ದಾಟಿಸಬೇಕು. ಜೀಬ್ರಾ ಪಟ್ಟಿಯಲ್ಲಿ ನಡೆಯುವವರಿಗೆ ಗಾಡಿಯವರು ನಿಲ್ಲಬೇಕು, ನಿಯಮ ಇದೆ. ಆದರೆ ಪಟ್ಟಿ ಗಾಡಿಯನ್ನು ತಡೆಯುವುದಿಲ್ಲ. ಗಾಡಿ ನಿಜವಾಗಿ ನಿಂತಿದ್ದನ್ನು ನೋಡಿ, ಸಾಧ್ಯವಾದರೆ ಡ್ರೈವರ್ ಕಣ್ಣಿಗೆ ಕಣ್ಣು ಕೂಡಿಸಿ, ಕೈ ಎತ್ತಿ ತೋರಿಸಿ, ಆಮೇಲೆ ಇಳಿಯಿರಿ. ಒಂದು ಕಾರು ನಿಂತರೆ ಅದರ ಪಕ್ಕದಿಂದ ಇನ್ನೊಂದು ನುಗ್ಗಬಹುದು. ನಿಂತ ಕಾರಿನ ಅಂಚಿಗೆ ಬಂದು ಇಣುಕಿ ನೋಡಿ. ಅಲ್ಲೂ ಗೇಟಿನದೇ ಕಥೆ, ಮೊದಲನೆಯದು ಎರಡನೆಯದನ್ನು ಮರೆಮಾಡುತ್ತದೆ.

ಚೆನ್ನಮ್ಮ ಸರ್ಕಲ್, ಗೋವಾವೇಸ್, ಆರ್‌ಪಿಡಿ ಕ್ರಾಸ್, ಇಂಥ ಕಡೆ ಜನ ಗುಂಪಾಗಿ ದಾಟುತ್ತಾರೆ. ಗುಂಪಿನಲ್ಲಿ ಹೋಗುವುದು ಒಂದು ರೀತಿಯಲ್ಲಿ ಒಳ್ಳೆಯದೇ, ಗಾಡಿಯವರಿಗೆ ಕಾಣುತ್ತದೆ. ತೊಂದರೆ ಆಗುವುದು ಗುಂಪಿನ ಬಾಲಕ್ಕೆ. ಮುಂದಿನವರು ನೋಡಿಯೇ ಇಳಿದಿರುತ್ತಾರೆ, ಅವರಿಗೆ ಸಮಯ ಇತ್ತು. ಕೊನೆಯವರಿಗೆ ಆ ಸಮಯ ಮುಗಿದಿರುತ್ತದೆ, ಆದರೆ ಅವರ ಕಣ್ಣು ಇನ್ನೂ ಮುಂದಿನವರ ಬೆನ್ನ ಮೇಲೆಯೇ. ಗುಂಪಿನ ಕೊನೆಯಲ್ಲಿದ್ದೀರಿ ಅಂತ ಗೊತ್ತಾದರೆ ನಿಂತುಬಿಡಿ. ಮುಂದಿನ ಗುಂಪಿಗೆ ನೀವೇ ಮೊದಲಿಗರು.

ಬಸ್ಸಿನಿಂದ ಇಳಿದವರು ಬಸ್ಸಿನ ಮುಂದಿನಿಂದ ದಾಟಬೇಡಿ. ಬಸ್ಸು ಹೋಗಲಿ, ರಸ್ತೆ ಕಾಣಲಿ. ಎತ್ತರದ ಗಾಡಿಯ ಮೂತಿಯ ಕೆಳಗೆ ನಿಂತ ಮಗು ಡ್ರೈವರ್‌ಗೆ ಕಾಣುವುದೇ ಇಲ್ಲ. ಲಾರಿ, ಬಸ್ಸಿನ ಪಕ್ಕದಲ್ಲಿ ನಿಂತಾಗ ಅವರ ಕನ್ನಡಿಯಲ್ಲಿ ನಿಮಗೆ ಡ್ರೈವರ್ ಮುಖ ಕಾಣದಿದ್ದರೆ ಅವರಿಗೂ ನೀವು ಕಾಣುತ್ತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ರಿವರ್ಸ್ ಬರುವ ಬಸ್ಸಿನ ಹಿಂದೆ ಬ್ಯಾಗ್ ಹಿಡಿದು ಓಡುವುದಂತೂ ದಿನಾ ಕಾಣುವ ದೃಶ್ಯ, ದಯವಿಟ್ಟು ಬೇಡ.

ಖಡೇಬಜಾರ್, ಗಣಪತ್ ಗಲ್ಲಿಗಳಲ್ಲಿ ಹಬ್ಬದ ಮುಂದೆ ಫುಟ್‌ಪಾತ್ ಅಂಗಡಿ ಸಾಮಾನಿನಿಂದ, ರಸ್ತೆಯ ಅಂಚು ನಿಲ್ಲಿಸಿದ ಬೈಕುಗಳಿಂದ ತುಂಬಿರುತ್ತದೆ. ನಡೆಯುವವರು ರಸ್ತೆಗೇ ಇಳಿಯಬೇಕು. ಫುಟ್‌ಪಾತ್ ಕೇಳುವುದು ಹಟಮಾರಿತನ ಅಲ್ಲ. ನಡೆಯಲು ಸರಿಯಾದ ಫುಟ್‌ಪಾತ್ ಇರುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಒಡೆದ ಚಪ್ಪಡಿ, ತೆರೆದ ಗಟಾರ ಕಂಡರೆ ಫೋಟೋ, ಜಾಗದ ಗುರುತು, ತಾರೀಖು ಹಾಕಿ ಪಾಲಿಕೆಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಅದು ಸರಿಯಾಗುವ ತನಕ ಹೇಗೂ ರಸ್ತೆಯಲ್ಲೇ ನಡೆಯಬೇಕಲ್ಲ, ಆಗ ಬಲಗಡೆಯ ಅಂಚಿನಲ್ಲಿ, ಗಾಡಿಗಳಿಗೆ ಮುಖ ಮಾಡಿ ನಡೆಯಿರಿ. ಬೆನ್ನ ಹಿಂದಿನಿಂದ ಬರುವ ಗಾಡಿಯನ್ನು ಯಾರೂ ತಪ್ಪಿಸಿಕೊಳ್ಳಲಾರರು.

ಹೆದ್ದಾರಿ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ರಾಷ್ಟ್ರೀಯ ಹೆದ್ದಾರಿ 48 ಕಾಕತಿ, ಹಲಗಾ, ಹಿರೇಬಾಗೇವಾಡಿ ಹೀಗೆ ಊರು ಊರಿಗೆ ತಾಗಿಕೊಂಡು ಹೋಗುತ್ತದೆ. ಡಿವೈಡರ್ ಜಿಗಿದು ದಾಟಬೇಡಿ. ಎಷ್ಟು ಸುತ್ತಾದರೂ ಸರಿ, ಕೆಳಸೇತುವೆಯಲ್ಲೇ ಹೋಗಿ. ಅಲ್ಲಿ ಗಾಡಿಗಳು 80ರಲ್ಲಿ ಬಂದರೂ ಸೆಕೆಂಡಿಗೆ 22 ಮೀಟರ್, ಡ್ರೈವರ್ ನಿಮ್ಮನ್ನು ನೋಡಿ ಕಾಲನ್ನು ಬ್ರೇಕಿಗೆ ತರುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ.

ಕತ್ತಲಾದ ಮೇಲೆ: ಕಬ್ಬಿನ ಗಾಡಿ, ದಿಂಡಿ, ಪಾದಯಾತ್ರೆ

ದೀಪಾವಳಿ ಆಸುಪಾಸಿಗೆ ನಮ್ಮ ಜಿಲ್ಲೆಯಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಗುತ್ತದೆ. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರಾಲಿ, ಮೇಲೆ ಅಂಚು ಮೀರಿ ಚಾಚಿದ ಕಬ್ಬು. ರಾತ್ರಿ ಎಷ್ಟೋ ಟ್ರಾಲಿಗಳಿಗೆ ಹಿಂದೆ ದೀಪವಿಲ್ಲ. ಟ್ರ್ಯಾಕ್ಟರ್ ಲೈಟ್ ನಮ್ಮನ್ನು ದಾಟಿತು ಅಂತ ರಸ್ತೆಗೆ ಇಳಿದರೆ ಕತ್ತಲಲ್ಲಿ ಟ್ರಾಲಿಗಳು ಇನ್ನೂ ಬರುತ್ತಿರುತ್ತವೆ. ಲೈಟ್ ದಾಟಿದ ಮೇಲೆ ಎರಡನೇ ಟ್ರಾಲಿಯ ಬಾಲ ಕಣ್ಣಿಗೆ ಬೀಳುವ ತನಕ ನಿಲ್ಲಿ. ತಿರುವಿನಲ್ಲಿ ಒಳಬದಿಗೆ ನಿಲ್ಲಬೇಡಿ, ಟ್ರಾಲಿ ಟ್ರ್ಯಾಕ್ಟರ್ ಹೋದ ದಾರಿಯಲ್ಲೇ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಓಡುವ ಟ್ರಾಲಿಯಿಂದ ಜಲ್ಲೆ ಎಳೆಯುವ ಆಟ ನಾವೆಲ್ಲ ಸಣ್ಣವರಿದ್ದಾಗ ಆಡಿದವರೇ. ಈಗ ನಮ್ಮ ಮಕ್ಕಳಿಗೆ ಅದನ್ನು ಬಿಡಿಸಬೇಕು. ಎಳೆದ ಜಲ್ಲೆ ಬರುವುದಿಲ್ಲ, ಹುಡುಗನೇ ಚಕ್ರದ ಕಡೆ ಹೋಗುತ್ತಾನೆ. ಅವನಿಗೆ ತಿನ್ನಲು ಕಬ್ಬು ಮನೆಗೇ ತಂದುಕೊಡಿ.

ಆಷಾಢದಲ್ಲಿ ಪಂಢರಪುರದ ದಿಂಡಿ, ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಕಂಬಿ ಹೊತ್ತು ನಡೆಯುವವರು. ಬಿಸಿಲು ತಪ್ಪಿಸಲು ರಾತ್ರಿ, ನಸುಕಿನಲ್ಲಿ ನಡೆಯುತ್ತಾರೆ. ಅಲ್ಲಿ ಪ್ರತಿಯೊಬ್ಬರೂ ಮುಂದಿನವರ ಬೆನ್ನು ನೋಡಿಯೇ ನಡೆಯಬೇಕು, ಬೇರೆ ದಾರಿಯಿಲ್ಲ. ಹಾಗಾಗಿ ನೋಡುವ ಕೆಲಸವನ್ನು ಮೊದಲೇ ಇಬ್ಬರಿಗೆ ಒಪ್ಪಿಸಿ. ಮುಂದೆ ಒಬ್ಬರು ಬಿಳಿ ಬ್ಯಾಟರಿ ಹಿಡಿಯಲಿ, ಹಿಂದೆ ಒಬ್ಬರು ಕೆಂಪು ದೀಪ ಹಿಡಿಯಲಿ. ಇಬ್ಬರಿಬ್ಬರಂತೆ ಸಾಲಾಗಿ, ರಸ್ತೆಯ ಬಲಕ್ಕೆ, ಡಾಂಬರು ಬಿಟ್ಟು ಮಣ್ಣಿನ ಅಂಚಿನಲ್ಲಿ ನಡೆಯಿರಿ. ಬ್ಯಾಗಿಗೆ, ಬೆನ್ನಿಗೆ ರೇಡಿಯಂ ಪಟ್ಟಿ ಅಂಟಿಸಿ. ಆಟೋಮೊಬೈಲ್ ಅಂಗಡಿಗಳಲ್ಲಿ ಸಿಗುತ್ತದೆ, ಒಂದು ಸುರುಳಿ ಇಡೀ ತಂಡಕ್ಕೆ ಸಾಕಾಗುತ್ತದೆ. ಕಪ್ಪು ಕಂಬಳಿ ಹೊದ್ದವರು ಗಾಡಿಯ ಲೈಟಿಗೆ ತೀರ ಹತ್ತಿರ ಬಂದಾಗಲೇ ಕಾಣುವುದು. ದಣಿದು ಕೂರುವಾಗ ರಸ್ತೆ ಅಂಚಿನಲ್ಲಿ ಕೂರಬೇಡಿ, ಮಲಗುವುದಂತೂ ಬೇಡ. ಗುಡಿ, ಶಾಲೆ, ಪೆಟ್ರೋಲ್ ಬಂಕ್ ಸಿಗುವ ತನಕ ನಡೆಯಿರಿ.

ಗಣಪತಿ ಕಳಿಸುವ ರಾತ್ರಿ ಕಪಿಲೇಶ್ವರ ಹೊಂಡದ ಕಡೆ ಜನಜಂಗುಳಿ ಗೊತ್ತೇ ಇದೆ. ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ. ಸಮೀಪ ಆಗುತ್ತದೆ ಅಂತ ಹಳಿಯ ಕಡೆಯ ದಾರಿ ಹಿಡಿಯಬೇಡಿ, ಡಿಜೆ ಸದ್ದಿನಲ್ಲಿ ಯಾವ ಹಾರ್ನೂ ಕೇಳುವುದಿಲ್ಲ.

ಮಕ್ಕಳಿಗೆ ಕಲಿಸುವುದು

ಮಕ್ಕಳ ಕೈ ಹಿಡಿಯುವಾಗ ಬೆರಳು ಹಿಡಿಯಬೇಡಿ, ಮಣಿಕಟ್ಟು ಹಿಡಿಯಿರಿ. ಗಾಡಿ ಬರುವ ಕಡೆಗೆ ನೀವಿರಿ, ಮಗು ಒಳಗೆ. ಸಣ್ಣ ಮಕ್ಕಳಿಗೆ ಗಾಡಿಯ ವೇಗ ಅಂದಾಜಿಸಲು ಬರುವುದಿಲ್ಲ, ಗದರಿದರೆ ಅದು ಬರುವುದೂ ಇಲ್ಲ. ಹಾಗಾಗಿ ನಾನು ಮಗಳ ಜೊತೆ ಒಂದು ರೂಢಿ ಮಾಡಿಕೊಂಡಿದ್ದೇನೆ. ಗೇಟಿನ ಹತ್ತಿರ ನಿಂತಾಗ ಅವಳು ಜೋರಾಗಿ ಹೇಳಬೇಕು, "ಸ್ಟೇಷನ್ ಕಡೆ ಇಲ್ಲ, ಖಾನಾಪುರ ಕಡೆ ಇಲ್ಲ, ಎರಡೂ ಹಳಿ ಖಾಲಿ." ಅವಳು ಹೇಳಿದ್ದನ್ನು ನಾನೂ ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಹೊರಡುತ್ತೇವೆ. ಎಂಟು ವರ್ಷದವಳು, ಈಗ ಅವಳಿಗೆ ಅದು ಬಾಯಿಪಾಠ. ಮಕ್ಕಳು ಕಲಿಯುವುದು ನಾವು ಹೇಳಿದ್ದನ್ನಲ್ಲ, ನಮ್ಮ ಬೆನ್ನನ್ನು ನೋಡಿ. ಮಗು ಜೊತೆಗಿರುವಾಗ ನೀವು ಒಂದೇ ಒಂದು ಸಲ ಗೇಟು ನುಸುಳಿದರೂ ಅದು ಮುಂದೆ ಒಬ್ಬಂಟಿಯಾಗಿ ಅದನ್ನೇ ಮಾಡುತ್ತದೆ.

ಯಾರಾದರೂ ಬಿದ್ದರೆ

ಸುತ್ತ ನಿಂತು ವಿಡಿಯೊ ಮಾಡುವವರ ನಡುವೆ ನೀವು ಒಬ್ಬರು ಕೆಳಗೆ ಕೂತು ನೋಡಿ. ಉಸಿರು ಇದೆಯಾ, ರಕ್ತ ಎಲ್ಲಿಂದ ಹೋಗುತ್ತಿದೆ. ರಕ್ತ ಬರುವ ಜಾಗದ ಮೇಲೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಮತ್ತೆ ಮತ್ತೆ ತೆಗೆದು ನೋಡಬೇಡಿ. ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿರಬಹುದು, ಹಾಗಾಗಿ ಎಬ್ಬಿಸಿ ಕೂರಿಸುವುದು, ಕೈಕಾಲು ಹಿಡಿದು ಎತ್ತುವುದು ಬೇಡ. ಬಾಯಿಗೆ ನೀರು ಹಾಕಬೇಡಿ. ಗಾಡಿಗಳು ಮತ್ತೆ ಮೇಲೆ ಹರಿಯದಂತೆ ಹಿಂದೆ ಸ್ವಲ್ಪ ದೂರದಲ್ಲಿ ಇಬ್ಬರು ನಿಂತು ಕೈ ತೋರಿಸಿ. ಹಳಿಯ ಮೇಲೆ ಆಗಿದ್ದರೆ ಮೊದಲು ಗೇಟ್‌ಮನ್ ಅಥವಾ ಸ್ಟೇಷನ್‌ಗೆ ಸುದ್ದಿ ಹೋಗಲಿ, ರೈಲು ನಿಂತದ್ದು ಖಾತ್ರಿಯಾಗದೆ ನೀವು ಹಳಿಗೆ ಇಳಿಯಬೇಡಿ.

ಪೊಲೀಸ್, ಕೋರ್ಟ್ ಅಂತ ಹೆದರಿ ದೂರ ಸರಿಯುವವರು ಇನ್ನೂ ಬಹಳ ಇದ್ದಾರೆ. ಆ ಹೆದರಿಕೆಗೆ ಈಗ ಕಾರಣವಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸ್ ಹಾಕುವಂತಿಲ್ಲ, ಹೆಸರು ಹೇಳು ಅಂತ ಬಲವಂತ ಮಾಡುವಂತಿಲ್ಲ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಮೊದಲ 7 ದಿನ 1.5 ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆಯ ಯೋಜನೆಯನ್ನೂ ಕೇಂದ್ರ ಸರ್ಕಾರ 2025ರಲ್ಲಿ ತಂದಿದೆ. ಆಸ್ಪತ್ರೆಯಲ್ಲಿ ಇದರ ಬಗ್ಗೆ ನೀವೇ ಕೇಳಿ, ಗಾಯಗೊಂಡವರ ಮನೆಯವರಿಗೆ ಆ ಹೊತ್ತಿನಲ್ಲಿ ನೆನಪಿರುವುದಿಲ್ಲ.

ಫೋನಿನಲ್ಲಿ ನಾಲ್ಕು ನಂಬರ್ ಈಗಲೇ ಸೇವ್ ಮಾಡಿಕೊಳ್ಳಿ. ಆಂಬುಲೆನ್ಸ್‌ಗೆ 108, ಪೊಲೀಸ್ ಮತ್ತು ಎಲ್ಲ ತುರ್ತಿಗೆ 112, ರೈಲ್ವೆಗೆ 139, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033. ಮಾತಾಡುವಾಗ ಮೊದಲು ಜಾಗ ಹೇಳಿ, ಆಮೇಲೆ ಎಷ್ಟು ಜನರಿಗೆ ಪೆಟ್ಟಾಗಿದೆ ಅಂತ ಹೇಳಿ. "ಎರಡನೇ ಗೇಟು" ಅಂದರೆ ನಮಗೆ ಗೊತ್ತು, ಫೋನ್ ಎತ್ತಿದವರು ಬೇರೆ ಊರಿನಲ್ಲಿ ಕೂತಿರಬಹುದು. ಬೆಳಗಾವಿ, ಟಿಳಕವಾಡಿ, ಕಾಂಗ್ರೆಸ್ ರಸ್ತೆ, ಎರಡನೇ ರೈಲ್ವೆ ಗೇಟು ಅಂತ ಪೂರ್ತಿ ಹೇಳಿ. ಹೆದ್ದಾರಿಯಲ್ಲಾದರೆ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಯಾವ ಊರಿನ ಕಡೆ ಹೋಗುವ ಬದಿ ಅನ್ನುವುದನ್ನೂ ಹೇಳಿ. ಆಮೇಲೆ ಒಬ್ಬರನ್ನು ಮುಖ್ಯ ರಸ್ತೆಯ ತಿರುವಿಗೆ ಓಡಿಸಿ. ಗಲ್ಲಿಯೊಳಗೆ ಸೈರನ್ ಕೇಳಿದರೂ ಆಂಬುಲೆನ್ಸ್‌ನವರಿಗೆ ಜಾಗ ಹುಡುಕಲು ಹೊತ್ತಾಗುತ್ತದೆ, ಅಲ್ಲಿ ಒಬ್ಬರು ಕೈ ಬೀಸುತ್ತ ನಿಂತಿದ್ದರೆ ನೇರವಾಗಿ ಬಂದು ಮುಟ್ಟುತ್ತಾರೆ.